ಫ್ರೆಂಚ್ ಬಂಗಲೆಗೆ ಅಡಿ ಲೆಕ್ಕ, ನಮ್ಮ ಜಾಗಕ್ಕೆ ಯಾಕೆ ಎಕರೆ ಲೆಕ್ಕ?

ಮೊಬೈಲಿನಲ್ಲಿ ಒಂದೇ ಒಂದು ಸಲ 'ಮಂಗಳೂರು ಸೈಟ್ ರೇಟ್' ಅಂತ ಹುಡುಕಿ ನೋಡಿ. ಆಮೇಲೆ ಒಂದು ವಾರ ಜಾಹೀರಾತು ಬಿಡದೆ ಬರ್ತಾ ಇರುತ್ತದೆ. ಫ್ರೆಂಚ್ ಶೈಲಿಯ ಐಷಾರಾಮಿ ವಿಲ್ಲಾ. ಕಮಾನಿನ ಕಿಟಕಿ, ಎತ್ತರದ ಮಾಡು, ಅಂಗಳದ ನಡುವೆ ಕಾರಂಜಿ, ಎರಡೂ ಬದಿಯಲ್ಲಿ ಅಳತೆಗೋಲು ಇಟ್ಟು ಕತ್ತರಿಸಿದ ಹಾಗೆ ಗಿಡಗಳು. ಕೆಳಗೆ 'ಪ್ರತಿಷ್ಠಿತ ಪ್ರದೇಶ', 'ಆಯ್ದ ಕೆಲವರಿಗೆ ಮಾತ್ರ'. ಕದ್ರಿ ಗುಡ್ಡೆ, ಬೆಂದೂರ್‌ವೆಲ್, ಲೇಡಿಹಿಲ್ ಕಡೆ ಆದರೆ ಬೆಲೆ ಬರೆದಿರುವುದೇ ಇಲ್ಲ, 'ಕರೆ ಮಾಡಿ' ಅಂತ ಇರುತ್ತದೆ. ವಾಮಂಜೂರು, ಗುರುಪುರ, ಕೈಕಂಬ, ದೇರಳಕಟ್ಟೆ ಕಡೆಯದ್ದಾದರೆ 'ಎಸ್ಟೇಟ್ ಲಿವಿಂಗ್' ಅಂತ ಸೇರಿಸಿರುತ್ತಾರೆ. ಚದರ ಅಡಿಗೆ ಇಷ್ಟು ಅಂತ ರೇಟು.

ಆ ವಿಲ್ಲಾ ಕೊಳ್ಳುವವರ ಬಗ್ಗೆ ನನಗೆ ಏನೂ ತಕರಾರಿಲ್ಲ. ದುಬೈಯಲ್ಲೋ ಬೆಂಗಳೂರಿನಲ್ಲೋ ಇಪ್ಪತ್ತು ವರ್ಷ ದುಡಿದು ಊರಲ್ಲಿ ಒಂದು ಮನೆ ಬೇಕು ಅಂತ ಆಸೆಪಟ್ಟರೆ ತಪ್ಪೇನು? ನಾನು ಈ ವಾರ ಬರೆಯುತ್ತಿರುವುದು ಆ ಚಿತ್ರದಲ್ಲಿ ಕಾಣದೇ ಇರುವ ಇನ್ನೊಬ್ಬನ ಬಗ್ಗೆ. ಆ ಜಾಗ ಕೊಟ್ಟವನ ಬಗ್ಗೆ. ಯಾಕೆಂದರೆ ಮುಂದಿನ ಫೋನು ಬರುವುದು ಅವನ ಹಾಗೆ ಒಂದೆರಡು ಎಕರೆ ಇರುವ ನಿಮಗೇ.

ನನ್ನ ಮಾತು ಇಷ್ಟೇ: ಮಾರಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಡಿ ಲೆಕ್ಕದಲ್ಲಿ ಮಾರಾಟ ಆಗಲಿರುವ ವಸ್ತುವನ್ನು ಎಕರೆ ಲೆಕ್ಕದಲ್ಲಿ ಕೊಡಬೇಡಿ. ಮತ್ತೆ, ಕೊಡುವುದಾದರೆ ಯಾವ ತುಂಡು ಕೊಡಬೇಕು ಅಂತ ನೀವೇ ಆರಿಸಿ, ಬ್ರೋಕರ್‌ಗೆ ಆರಿಸಲು ಬಿಡಬೇಡಿ.

ಫ್ರಾನ್ಸ್ ನಮಗೆ ಹೊಸತೇನಲ್ಲ

ಅಡಿಕೆ ತೋಟ ಇರುವವರಿಗೆ ಫ್ರಾನ್ಸಿನ ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮರ ಹತ್ತಿ ಹೊಡೆಸುವ ಬೋರ್ಡೋ ದ್ರಾವಣ ಬಂದದ್ದು ಎಲ್ಲಿಂದ? ಫ್ರಾನ್ಸಿನ ಬೋರ್ಡೋ ಊರಿಂದ. ಅಲ್ಲಿನ ದ್ರಾಕ್ಷಿ ರೈತರು ದಾರಿಬದಿಯ ಬಳ್ಳಿಗೆ ಮೈಲುತುತ್ತು, ಸುಣ್ಣ ಕಲಸಿ ಹೊಡೆಯುತ್ತಿದ್ದರು, ದಾರಿಹೋಕರು ಹಣ್ಣು ಕದಿಯಬಾರದು ಅಂತ. ಹೊಡೆದ ಬಳ್ಳಿಗೆ ರೋಗ ಇಲ್ಲ, ಹೊಡೆಯದ್ದಕ್ಕೆ ಉಂಟು ಅಂತ ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಅದೇ ಮದ್ದನ್ನು ನಮ್ಮ ಕೊಳೆರೋಗಕ್ಕೆ ಹಾಕಬಹುದು ಅಂತ 1910ರ ಸುಮಾರಿಗೆ ತೋರಿಸಿಕೊಟ್ಟವರು ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಇವತ್ತಿಗೂ ಅದೇ ಅಳತೆ.

ನಮ್ಮ ತಲೆ ಮೇಲಿನ ಹಂಚಿನ ಕಥೆಯೂ ಹೆಚ್ಚುಕಡಿಮೆ ಹಾಗೇ. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಹಂಚನ್ನು 1841ರಲ್ಲಿ ಮಾಡಿದವರು ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು. ಅದೇ ಜಾತಿಯ ಹಂಚನ್ನು ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಸುಟ್ಟರು, ಅದು 'ಮಂಗಳೂರು ಹಂಚು' ಆಗಿ ದೇಶ ವಿದೇಶಕ್ಕೆ ಹೋಯಿತು. ಮಣ್ಣು ಎಲ್ಲಿಯದು ಅಂತ ಕೇಳ್ತೀರಾ? ನೇತ್ರಾವತಿ, ಗುರುಪುರ ನದಿಗಳ ಬದಿಯ ಗದ್ದೆಗಳದ್ದು. ಅಂದರೆ ನಮ್ಮ ಗದ್ದೆ ಮಣ್ಣನ್ನು ಬೇರೆ ಆಕಾರದಲ್ಲಿ ಮಾರುವ ವ್ಯಾಪಾರ ಈ ಊರಿನಲ್ಲಿ 150 ವರ್ಷಗಳಿಗಿಂತ ಹಳೆಯದು. ಆಗಲೂ ಮಣ್ಣಿಗೆ ಸಿಕ್ಕಿದ್ದಕ್ಕಿಂತ ಆಕಾರಕ್ಕೆ ಸಿಕ್ಕಿದ್ದೇ ಹೆಚ್ಚು.

ಇನ್ನು ಆ 'ಎಸ್ಟೇಟ್' ಎಂಬ ಶಬ್ದ. ಬೋರ್ಡೋ ಕಡೆಯ ದ್ರಾಕ್ಷಾರಸದ ಬಾಟಲಿ ಮೇಲೆ 'ಶಾತೋ' ಅಂತ ಬರೆದಿರುತ್ತದಲ್ಲ, ಅದರ ಅರ್ಥ ಕೋಟೆ, ಬಂಗಲೆ. ಆದರೆ ಬಾಟಲಿ ಮೇಲೆ ಅದು ತೋಟದ ಹೆಸರು. ಬಂಗಲೆ ಎಷ್ಟೇ ಚಂದ ಇದ್ದರೂ ಹೆಸರು ನಿಂತಿರುವುದು ಸುತ್ತಲಿನ ಬಳ್ಳಿಯಿಂದ. ನಮ್ಮಲ್ಲೂ ಹಾಗೇ, ಎಸ್ಟೇಟ್ ಅಂದರೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟ. ಮನೆ ಅದರೊಳಗೆ ಒಂದು ಮೂಲೆಯಲ್ಲಿ ಇರುತ್ತದೆ. ಈಗಿನ ಜಾಹೀರಾತಿನವರು ತೋಟ ಕಡಿದು, ಗುಡ್ಡ ಸಮ ಮಾಡಿ, ಹುಲ್ಲುಹಾಸು ಹಾಸಿ, ಆಮೇಲೆ ಅದಕ್ಕೆ ಎಸ್ಟೇಟ್ ಅಂತ ಬೋರ್ಡು ಹಾಕುತ್ತಾರೆ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಊರಿಗೆ ಪ್ಯಾರಿಸ್ಸಿನ ಮಾಡು ಎಷ್ಟು ಸರಿ ಅನ್ನೋದನ್ನು ಅಲ್ಲಿ ಇರುವವರೇ ಜೂನ್ ತಿಂಗಳಲ್ಲಿ ನೋಡಿಕೊಳ್ಳಲಿ.

ಮಂಗಳೂರಿನ ಈಗಿನ ದುಬಾರಿ ಜಾಗಗಳ ಹೆಸರನ್ನೇ ಒಂದು ಸಲ ಓದಿ. ಕೊಡಿಯಾಲ್‌ಬೈಲ್. ಬೈಲು ಅಂದರೆ ಎಂತ ಅಂತ ತುಳುನಾಡಿನವರಿಗೆ ಹೇಳಬೇಕಾ? ಬೆಂದೂರ್‌ವೆಲ್, ಪಂಪ್‌ವೆಲ್. ಎರಡರ ಬಾಲದಲ್ಲೂ ಬಾವಿ. ಪೇಟೆ ಬೆಳೆಯುವುದನ್ನು ಯಾರೂ ನಿಲ್ಲಿಸಲಿಲ್ಲ, ಇನ್ನೂ ನಿಲ್ಲಿಸುವುದಿಲ್ಲ. ಅದು ಬೆಳೆಯುವಾಗ ಬೈಲಿನ ಯಜಮಾನನ ಕೈಗೆ ಎಷ್ಟು ಬಂತು ಅನ್ನುವುದೇ ಪ್ರಶ್ನೆ.

ಲೆಕ್ಕ ಹಾಕೋಣ ಬನ್ನಿ

ಒಂದು ಎಕರೆ ಅಂದರೆ 100 ಸೆಂಟ್ಸ್, 43,560 ಚದರ ಅಡಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಇದು ಎಲ್ಲರಿಗೂ ಗೊತ್ತು. ಆದರೆ ಚೌಕಾಶಿ ಮಾಡುವಾಗ ಯಾರೂ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯುವುದಿಲ್ಲ.

ಈಗ ಬರೀ ಲೆಕ್ಕಕ್ಕೆ ಅಂತ ಒಂದು ಅಂಕಿ ಇಟ್ಟುಕೊಳ್ಳಿ. ನಿಮ್ಮ ಊರಿನ ರೇಟು ಇದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಬಹುದು. ನಿಮ್ಮ ಅಂಕಿ ಹಾಕಿ ಮತ್ತೊಮ್ಮೆ ಮಾಡಿ. ಬ್ರೋಕರ್ ಎಕರೆಗೆ 1 ಕೋಟಿ ಅಂದ. ಕೇಳುವಾಗ ಕಿವಿ ತಂಪಾಗುತ್ತದೆ. ಅಡಿಗೆ ಎಷ್ಟಾಯಿತು? ಸುಮಾರು 230 ರೂಪಾಯಿ. ಅದೇ ಜಾಗ ಲೇಔಟ್ ಆದ ಮೇಲೆ ಅಡಿಗೆ 1,200 ರೂಪಾಯಿಯಂತೆ ಹೋಗುತ್ತದೆ ಅಂತ ಹಿಡಿಯಿರಿ. ರಸ್ತೆ, ಚರಂಡಿ, ಪಾರ್ಕು, ಸಾರ್ವಜನಿಕ ಜಾಗ ಎಲ್ಲ ಬಿಟ್ಟು ಅರ್ಧ ಎಕರೆ, ಅಂದರೆ 21,780 ಅಡಿ ಮಾರಲಿಕ್ಕೆ ಸಿಕ್ಕಿತು. 2 ಕೋಟಿ 61 ಲಕ್ಷ. ಅಭಿವೃದ್ಧಿ ಖರ್ಚು, ಪರವಾನಗಿ, ಬಡ್ಡಿ, ಜಾಹೀರಾತು ಅಂತ ಮಾರುವ ಪ್ರತಿ ಅಡಿಗೆ 400 ರೂಪಾಯಿ ಕಳೆಯಿರಿ, 87 ಲಕ್ಷ ಹೋಯಿತು. ನಿಮ್ಮ 1 ಕೋಟಿ ಕಳೆಯಿರಿ. ಇನ್ನೂ 74 ಲಕ್ಷ ಉಳಿಯಿತು.

ಆ 74 ಲಕ್ಷ ಪೂರ್ತಿ ಮೋಸದ ದುಡ್ಡು ಅಂತ ನಾನು ಹೇಳುವುದಿಲ್ಲ. ಬಿಲ್ಡರ್ ಸಾಲ ತೆಗೆದಿರುತ್ತಾನೆ, ಸೈಟು ಎರಡು ವರ್ಷ ಖಾಲಿ ಬೀಳಬಹುದು, ಅವನ ರಿಸ್ಕಿಗೂ ಬೆಲೆ ಉಂಟು. ನನಗೆ ಚಿಂತೆ ಹುಟ್ಟಿಸುವುದು ಇನ್ನೊಂದು ಲೆಕ್ಕ. ಆ 1 ಕೋಟಿ ಹಿಡಿದುಕೊಂಡು ನಾಳೆ ನೀವು ಅದೇ ಲೇಔಟಿನಲ್ಲಿ ಮಗನಿಗೊಂದು ಜಾಗ ತೆಗೆಯಲು ಹೋದರೆ ಸಿಗುವುದು 8,333 ಅಡಿ. ಹತ್ತೊಂಬತ್ತು ಸೆಂಟ್ಸ್. ನೂರು ಕೊಟ್ಟು ಹತ್ತೊಂಬತ್ತು.

ಹಾಗಂತ ಇಟ್ಟುಕೊಂಡರೇ ಲಾಭ ಅನ್ನುವುದೂ ಸುಳ್ಳು. 1 ಕೋಟಿಯನ್ನು ಶೇಕಡಾ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೆ ವರ್ಷಕ್ಕೆ 7 ಲಕ್ಷ. ಎಕರೆಗೆ ಸುಮಾರು 550 ಅಡಿಕೆ ಮರ; ಒಳ್ಳೆ ತೋಟದಲ್ಲಿ ಮರಕ್ಕೆ 2 ಕಿಲೋ ಚಾಲಿ ಬಂದರೆ 11 ಕ್ವಿಂಟಾಲ್. ಇವತ್ತಿನ ಕ್ಯಾಂಪ್ಕೋ ದರ ಹಾಕಿ, ಕೊಯಿಲು, ಮದ್ದು, ಗೊಬ್ಬರ, ನೀರಿನ ಖರ್ಚು ಕಳೆದು ನೀವೇ ನೋಡಿ. ಎಲೆಚುಕ್ಕಿ ಬಂದ ವರ್ಷ, ಹಳದಿರೋಗ ಹಿಡಿದ ತೋಟ ಆದರೆ ಹೇಳುವುದೇ ಬೇಡ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಬಡ್ಡಿಗೆ ಉಂಟು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಒಳ್ಳೆ ನೀರಿರುವ ತೋಟ ಬಡ್ಡಿಯನ್ನು ಗೆಲ್ಲುತ್ತದೆ. ಬರೀ ಮುಳಿಹುಲ್ಲು, ನಾಲ್ಕು ಗೇರು ಮರ ಇರುವ ಬೆಟ್ಟು ಗೆಲ್ಲುವುದಿಲ್ಲ. ಭಾವನೆಯಿಂದ ಹೊಟ್ಟೆ ತುಂಬುವುದಿಲ್ಲ ಮಾರಾಯ್ರೆ.

ಬೆಲೆ ಏರುವುದು ಎಲ್ಲಿ?

230 ರೂಪಾಯಿಯ ಅಡಿ 1,200 ಆಗುವುದು ಕಮಾನಿನ ಕಿಟಕಿಯಿಂದ ಅಂತ ತಿಳಿಯಬೇಡಿ. ಕಟ್ಟಡದ ಖರ್ಚು ಬೇರೆ. ಜಾಗದ ಬೆಲೆ ಏರುವುದು ಮುಖ್ಯವಾಗಿ ಎರಡು ಕಡೆ: ಕಾಗದ ಮತ್ತು ದಾರಿ. ಎರಡೂ ಕೆಲಸ ರೈತನ ಹೆಸರಿನಲ್ಲೇ ನಡೆಯುತ್ತವೆ, ಹಣ ಮಾತ್ರ ಬೇರೆಯವರಿಗೆ ಹೋಗುತ್ತದೆ.

ಕೃಷಿ ಜಮೀನನ್ನು ಮನೆ ಕಟ್ಟಲು ಪರಿವರ್ತಿಸುವುದಕ್ಕೆ ಅರ್ಜಿ ಹಾಕಬೇಕಾದದ್ದು ಪಹಣಿಯಲ್ಲಿ ಹೆಸರಿರುವವರು, ಅಂದರೆ ನೀವು. ಸಾಮಾನ್ಯವಾಗಿ ಏನಾಗುತ್ತದೆ? ಸ್ವಲ್ಪ ಮುಂಗಡ ಕೊಟ್ಟು ಕರಾರು ಮಾಡಿಸಿ, ಒಂದು ಜನರಲ್ ಪವರ್ ಆಫ್ ಅಟಾರ್ನಿ ಬರೆಸಿ, ನಿಮ್ಮ ಹೆಸರಿನಲ್ಲೇ ಪರಿವರ್ತನೆ ಮಾಡಿಸಿಕೊಂಡು, ಬೆಲೆ ಏರಿದ ಮೇಲೆ ನಿಮ್ಮಿಂದ ಹಳೇ ಬೆಲೆಗೆ ಕ್ರಯ ಬರೆಸಿಕೊಳ್ಳುತ್ತಾರೆ. ಕಾನೂನಿನಲ್ಲಿ ಅದು ತಪ್ಪಲ್ಲ. ಆದರೆ ಆ ಕೆಲಸ ನೀವೇ ಮಾಡಿಸಬಹುದಿತ್ತು.

ಅದಕ್ಕೆ ಮೊದಲು ನಿಮ್ಮ ಜಾಗ ಎಂಥದ್ದು ಅಂತ ಗೊತ್ತಿರಬೇಕು. ಕೈಯಲ್ಲಿ ಮೊಬೈಲ್ ಉಂಟಲ್ಲ. ದಿಶಾಂಕ್ ಆ್ಯಪ್ ಹಾಕಿ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಭೂಮಿ ತಾಣದಲ್ಲಿ ಪಹಣಿ ನೋಡಿ, ಕಾವೇರಿಯಲ್ಲಿ ಋಣಭಾರ ಪತ್ರ ತೆಗೆಯಿರಿ. ಆಮೇಲೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ವಸತಿ ವಲಯದಲ್ಲಿದೆಯೋ ಕೃಷಿ ವಲಯದಲ್ಲಿದೆಯೋ ಕೇಳಿ ತಿಳಿಯಿರಿ. ಬ್ರೋಕರ್ ಈ ನಾಲ್ಕನ್ನೂ ನೋಡಿಯೇ ನಿಮಗೆ ಫೋನು ಮಾಡಿರುತ್ತಾನೆ. ನೀವು ನೋಡದೆ ಮಾತಿಗೆ ಕೂತರೆ ಅವನಿಗೆ ನಿಮ್ಮ ಜಾಗ ನಿಮಗಿಂತ ಹೆಚ್ಚು ಗೊತ್ತಿರುತ್ತದೆ.

ದಕ್ಷಿಣ ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ತೊಡಕು: ಕುಮ್ಕಿ. ವರ್ಗ ಜಮೀನಿಗೆ ತಾಗಿ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಹಕ್ಕು ನಿಮಗುಂಟು, ಮಾಲೀಕತ್ವ ಇಲ್ಲ. ಅಜ್ಜನ ಕಾಲದಿಂದ ಬೇಲಿ ಹಾಕಿ ಗೇರು ಬೆಳೆಸಿದ್ದರೂ ಪಹಣಿಯಲ್ಲಿ ಅದು ಸರ್ಕಾರದ್ದೇ. 'ಎರಡೂವರೆ ಎಕರೆ' ಅಂತ ಬಾಯಲ್ಲಿ ಹೇಳಿ ಮುಂಗಡ ತೆಗೆದುಕೊಂಡು, ಅಳತೆಗೆ ಬಂದಾಗ ವರ್ಗ ಒಂದೂಕಾಲು ಎಕರೆ ಮಾತ್ರ ಅಂತಾದರೆ ಜಗಳ ಶುರು. ಅಕ್ರಮ ಸಕ್ರಮದಲ್ಲೋ ದರಖಾಸ್ತಿನಲ್ಲೋ ಬಂದ ಜಾಗಕ್ಕೆ ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಇರುತ್ತದೆ, ಮಂಜೂರಾತಿ ಪತ್ರ ತೆಗೆದು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. 1978ರ ಕಾಯ್ದೆ ಇದು, 2023ರ ತಿದ್ದುಪಡಿಯಲ್ಲಿ ಇನ್ನೂ ಬಿಗಿ ಮಾಡಿದ್ದಾರೆ.

ಫೋನುಗಳು ಯಾಕೆ ಹೆಚ್ಚಾದವು ಅಂತಲೂ ತಿಳಿದಿರಲಿ. ಮೊದಲು ರೈತರಲ್ಲದವರು, ಬೇರೆ ಮೂಲದ ವರಮಾನ ವರ್ಷಕ್ಕೆ 25 ಲಕ್ಷ ಮೀರಿದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂ ತೆಗೆದುಹಾಕಿದರು. ಈಗ ಯಾರು ಬೇಕಾದರೂ ಕೊಳ್ಳಬಹುದು. ಇದೇ ಜಿಲ್ಲೆಯಲ್ಲಿ 1974ರ ನಂತರ ಡಿಕ್ಲರೇಷನ್ ಫಾರಂ ತುಂಬಿಸಿ, ಭೂ ನ್ಯಾಯಮಂಡಳಿಗೆ ಅಲೆದು, ಗೇಣಿ ಒಕ್ಕಲಿನಿಂದ ಯಜಮಾನರಾದ ಅಜ್ಜಂದಿರ ಮೊಮ್ಮಕ್ಕಳು ನಮ್ಮಲ್ಲಿ ಎಷ್ಟು ಜನ ಇಲ್ಲ! ಆ ಜಾಗಕ್ಕೆ ಈಗ ಕೊಳ್ಳುವವರ ಸಾಲು ಉದ್ದ ಆಗಿದೆ. ಕೊಳ್ಳುವವರು ಹೆಚ್ಚಾದರೆ ಮಾರುವವನಿಗೆ ಬಲ ಬರಬೇಕು. ಬ್ರೋಕರ್ ಒಬ್ಬನೇ ಬಾಗಿಲಲ್ಲಿ ನಿಂತು 'ನಾಳೆ ಈ ರೇಟು ಇರಲ್ಲ' ಅಂದಾಗ ಇದು ನೆನಪಿಗೆ ಬರುವುದಿಲ್ಲ ಅಷ್ಟೆ.

ಬೆಟ್ಟು ಹೋದರೆ ಹೋಗಲಿ, ಬೈಲು ಇರಲಿ

ನಮ್ಮ ಹಿರಿಯರು ಗದ್ದೆಯನ್ನು ಮೂರಾಗಿ ನೋಡಿದರು. ಮೇಲೆ ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ನಡುವೆ ಮಜಲು, ಎರಡು ಬೆಳೆ. ಕೆಳಗೆ ಬೈಲು, ಏಣೆಲು, ಸುಗ್ಗಿ, ಕೊಳಕೆ ಮೂರೂ. ಈ ವಿಂಗಡಣೆ ನೀರಿನದು. ಬೈಲಿನಲ್ಲಿ ನಿಂತ ನೀರು ಇಳಿದು ಸುತ್ತಲಿನ ಬಾವಿಗಳು ಏಪ್ರಿಲ್ ತನಕ ಎಳೆಯುತ್ತವೆ.

ಲೇಔಟಿನವರಿಗೆ ಎರಡೂ ಬೇಕು. ಬೆಟ್ಟು ಬೇಕು, ಯಾಕೆಂದರೆ ನೋಟ ಚಂದ. ಗುಡ್ಡ ಕಡಿದ ಮಣ್ಣನ್ನು ಹಾಕಲು ಕೆಳಗಿನ ಬೈಲೂ ಬೇಕು, ಒಂದು ಲಾರಿ ಖರ್ಚಿನಲ್ಲಿ ಎರಡು ಕೆಲಸ. ಆದರೆ ಬೈಲು ತುಂಬಿಸಿದ ಮೇಲೆ ಏನಾಗುತ್ತದೆ ಅಂತ ಮಂಗಳೂರು 2018ರ ಮೇ 29ರಂದು ನೋಡಿದೆ. ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿ ಸುತ್ತ ಮುತ್ತ ನೀರೋ ನೀರು. ತಗ್ಗಿನ ಜಾಗಕ್ಕೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬಂತು. ಗುಡ್ಡ ಕಡಿಯುವ ಕಥೆಯೂ ಅಷ್ಟೇ: ವಾಮಂಜೂರಿನ ಕೆತ್ತಿಕಲ್‌ನಲ್ಲಿ ಹೆದ್ದಾರಿಗಾಗಿ ನೇರವಾಗಿ ಕಡಿದ ಗುಡ್ಡ 2024ರ ಮಳೆಗಾಲದಲ್ಲಿ ಜನರ ನಿದ್ದೆ ಕೆಡಿಸಿತು. ಗುರುಪುರದ ಬಂಗ್ಲೆಗುಡ್ಡೆಯಲ್ಲಿ 2020ರ ಜುಲೈಯಲ್ಲಿ ಗುಡ್ಡ ಜರಿದು ಇಬ್ಬರು ಮಕ್ಕಳು ತೀರಿಕೊಂಡರು. ಕಾರಂಜಿಗೆ, ಹುಲ್ಲುಹಾಸಿಗೆ ನೀರು ಬೇಕಲ್ಲ, ಅದು ತುಂಬೆ ಅಣೆಕಟ್ಟೆಯಿಂದ ಬರಬೇಕು. 2019ರ ಮೇ ತಿಂಗಳಲ್ಲಿ ಅಲ್ಲೇ ನೀರು ಇಳಿದು ಇಡೀ ಪೇಟೆಗೆ ಸರದಿಯಲ್ಲಿ ನೀರು ಬಿಟ್ಟಿದ್ದರು. ಆಗ ಲೇಔಟಿನವರು ಬೋರ್‌ವೆಲ್ ಕೊರೆಸುತ್ತಾರೆ. ಪಕ್ಕದ ನಿಮ್ಮ ಬಾವಿ?

ತಲಪಾಡಿ ದಾಟಿದರೆ ಪರಿಸ್ಥಿತಿ ಬೇರೆ. ಕೇರಳದಲ್ಲಿ 2008ರಿಂದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಉಂಟು. ಕಾಸರಗೋಡಿನ ನಮ್ಮ ಕನ್ನಡ ರೈತರು ಮನಸ್ಸು ಬಂದ ಹಾಗೆ ಗದ್ದೆಗೆ ಮಣ್ಣು ತುಂಬಿಸುವಂತಿಲ್ಲ. ಸ್ವಂತ ಮನೆ ಕಟ್ಟಲೂ ಕಷ್ಟ ಅಂತ ಅಲ್ಲಿನವರು ಬೈಯುವುದೂ ಉಂಟು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಹಾಗಾಗಿ ಬೈಲು ಉಳಿಯುವುದು ಬಿಡುವುದು ಬೈಲಿನವನ ತೀರ್ಮಾನ. ನನ್ನ ಅಭಿಪ್ರಾಯ ಸ್ಪಷ್ಟ: ಸಾಲ ತೀರಿಸಲು, ತಂಗಿಯ ಮದುವೆಗೆ, ಓದಿಗೆ ದುಡ್ಡು ಬೇಕಾದರೆ ರಸ್ತೆ ಬದಿಯ ಬೆಟ್ಟಿನಲ್ಲಿ 20, 30 ಸೆಂಟ್ಸ್ ಪರಿವರ್ತನೆ ಮಾಡಿಸಿ ಒಳ್ಳೆ ಬೆಲೆಗೆ ಕೊಡಿ. ಬೈಲು, ಬಾವಿ, ತೋಡು ಇರುವ ತುಂಡಿಗೆ ಕೈ ಹಾಕಬೇಡಿ. ಪೂರ್ತಿ ಎಕರೆ ಕೊಟ್ಟು ಬರುವ ದುಡ್ಡಿನ ದೊಡ್ಡ ಪಾಲು ಎಷ್ಟೋ ಸಲ ಆ ಸಣ್ಣ ತುಂಡಿನಲ್ಲೇ ಬರುತ್ತದೆ.

ಸಹಿ ಹಾಕುವ ಮೊದಲು

'ಜಾಗ ನಿಮ್ಮದು, ಖರ್ಚು ನಮ್ಮದು, ಲಾಭ ಪಾಲು' ಅನ್ನುವ ಜಂಟಿ ಅಭಿವೃದ್ಧಿ ಕರಾರು ಈಗ ಜೋರಾಗಿದೆ. ಕೆಟ್ಟದ್ದಲ್ಲ, ಎಕರೆ ಲೆಕ್ಕದಿಂದ ಅಡಿ ಲೆಕ್ಕಕ್ಕೆ ರೈತ ದಾಟುವ ದಾರಿ ಅದೂ ಹೌದು. ಆದರೆ ಕರಾರು ನೋಂದಣಿ ಆಗಿರಬೇಕು, ಎಷ್ಟು ತಿಂಗಳಲ್ಲಿ ಮುಗಿಸಬೇಕು, ಮುಗಿಸದಿದ್ದರೆ ಜಾಗ ಹೇಗೆ ವಾಪಸ್ ಬರುತ್ತದೆ ಅಂತ ಬರೆದಿರಬೇಕು. ನಿಮ್ಮ ಜಾಗ ಅಡವಿಟ್ಟು ಸಾಲ ಎತ್ತುವ ಅಧಿಕಾರ ಪವರ್ ಆಫ್ ಅಟಾರ್ನಿಯಲ್ಲಿ ಇದೆಯಾ ಅಂತ ನಿಮ್ಮದೇ ವಕೀಲರಿಂದ ಓದಿಸಿ, ಅವರು ಕರೆತಂದ ವಕೀಲರಿಂದ ಬೇಡ. ದೊಡ್ಡ ಲೇಔಟ್ ಆದರೆ ರೇರಾ ನೋಂದಣಿ ಬೇಕು. ಕೊಳ್ಳುವವರ ಹಣದ ಶೇಕಡಾ 70 ಬೇರೆ ಖಾತೆಯಲ್ಲಿ ಇಡಬೇಕು ಅಂತ ನಿಯಮ. ಪಾಲುದಾರರಾದರೆ ಜವಾಬ್ದಾರಿಯ ಪಾಲೂ ನಿಮ್ಮ ತಲೆಗೆ ಬರಬಹುದು, ಅದನ್ನೂ ಕೇಳಿ.

ತೆರಿಗೆ ಬಗ್ಗೆ ತುಂಬ ಜನ ಮೋಸಹೋಗುತ್ತಾರೆ. 'ಕೃಷಿ ಜಮೀನಿಗೆ ತೆರಿಗೆ ಇಲ್ಲ' ಅನ್ನುವುದು ಅರ್ಧ ಸತ್ಯ. ಮಂಗಳೂರಿನಷ್ಟು, ಅಂದರೆ ಒಂದರಿಂದ ಹತ್ತು ಲಕ್ಷ ಜನಸಂಖ್ಯೆಯ ನಗರದ ಗಡಿಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್ ಒಳಗಿನ ಕೃಷಿ ಜಮೀನು ಮಾರಿದರೆ ಲಾಭಕ್ಕೆ ತೆರಿಗೆ ಉಂಟು. ಉಳ್ಳಾಲ, ಬಂಟ್ವಾಳದಂಥ ಸಣ್ಣ ಪೇಟೆಗಳಿಗೆ ಅವುಗಳದ್ದೇ 2 ಕಿಲೋಮೀಟರ್ ವೃತ್ತ ಇದೆ. ಅದರಾಚೆಗಿನ ಕೃಷಿ ಜಮೀನಿಗೆ ಇಲ್ಲ. ಆದರೆ ಆಚೆಗಿನ ಜಮೀನನ್ನೂ ಪರಿವರ್ತಿಸಿ ಮಾರಿದರೆ ಅದು ಕೃಷಿ ಜಮೀನಾಗಿ ಉಳಿಯುವುದಿಲ್ಲ, ವಿನಾಯಿತಿ ಹೋಗುತ್ತದೆ. ಮೇಲೆ ನಾನು ಪರಿವರ್ತನೆ ಮಾಡಿಸಿ ಮಾರಿ ಅಂದದ್ದಕ್ಕೆ ಇದೇ ಎದುರು ಲೆಕ್ಕ. ಬೆಲೆ ಎಷ್ಟು ಏರುತ್ತದೆ, ತೆರಿಗೆ ಎಷ್ಟು ಬೀಳುತ್ತದೆ ಅಂತ ಎರಡನ್ನೂ ತೂಗಿ. ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ದರ ಶೇಕಡಾ 12.5. ಎರಡು ವರ್ಷ ಬೇಸಾಯ ಮಾಡಿದ ಜಮೀನು ಮಾರಿ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ಆ ಮಟ್ಟಿಗೆ ವಿನಾಯಿತಿ ಸಿಗುತ್ತದೆ. ಕ್ರಯದ ದಿನ ಆದ ಮೇಲೆ ಅಲ್ಲ, ಮುಂಗಡ ಮುಟ್ಟುವ ಮೊದಲೇ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಹೋಗಿ. ಅವರ ಫೀಸು ನಿಮ್ಮ ಒಂದು ಸೆಂಟ್ಸಿನ ಬೆಲೆಯೂ ಆಗಲಿಕ್ಕಿಲ್ಲ.

'ಸ್ವಲ್ಪ ಬಿಳಿ, ಉಳಿದದ್ದು ಕ್ಯಾಶ್' ಅಂದರೆ ಎದ್ದು ಬನ್ನಿ. ಜಾಗ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಬೀಳುವುದು ತೆಗೆದುಕೊಂಡವನಿಗೆ. ಕೊಟ್ಟವನು ಅಡಿಗೆ ಸಾವಿರದಂತೆ ಮಾರಿ ಹೋಗಿರುತ್ತಾನೆ.

ಅಕ್ಕ ತಂಗಿಯರ ಸಹಿ. ಇದನ್ನು ಕೊನೆಗೆ ಬರೆದರೂ ಜಗಳ ಶುರುವಾಗುವುದು ಇಲ್ಲಿಂದಲೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಅಳಿಯಸಂತಾನದ ಮನೆಗಳಲ್ಲಂತೂ ಆಸ್ತಿ ಬಂದದ್ದೇ ತಾಯಿ ಬದಿಯಿಂದ. 'ಅಕ್ಕ ಮುಂಬೈಯಲ್ಲಿದ್ದಾಳೆ, ಏನೂ ಹೇಳುವುದಿಲ್ಲ' ಅಂತ ಬಿಟ್ಟು ಮಾಡಿದ ಕ್ರಯ ಹತ್ತು ವರ್ಷ ಕೋರ್ಟಿನಲ್ಲಿ ಕೂತುಕೊಳ್ಳುತ್ತದೆ. ಅಕ್ಕನ ಪಾಲು ಅಕ್ಕನಿಗೆ, ಚೆಕ್ಕಿನಲ್ಲಿ. ಕಾನೂನಿಗೆ ಹೆದರಿ ಅಲ್ಲದಿದ್ದರೂ ಅದು ಅವಳದ್ದು ಅಂತ.

ಫ್ರಾನ್ಸಿನಿಂದ ತರಬಹುದಾಗಿದ್ದ ಇನ್ನೊಂದು

ಕಿಟಕಿ, ಮಾಡು, ಕಾರಂಜಿ ತಂದೆವು. ಅಲ್ಲಿನ ರೈತರಿಗೆ ಇರುವ ಒಂದು ಏರ್ಪಾಡನ್ನು ಯಾರೂ ತರಲಿಲ್ಲ. ಫ್ರಾನ್ಸಿನಲ್ಲಿ 1960ರ ಕೃಷಿ ಕಾಯ್ದೆಯಿಂದ 'ಸಾಫೇರ್' ಎಂಬ ಸಂಸ್ಥೆಗಳು ಹುಟ್ಟಿದವು. ಅಲ್ಲಿ ಕೃಷಿ ಜಮೀನು ಮಾರಾಟಕ್ಕೆ ಬಂದರೆ ಕಾಗದ ಮಾಡುವ ನೋಟರಿ ಸಾಫೇರ್‌ಗೆ ತಿಳಿಸಬೇಕು. ಸಾಫೇರ್‌ಗೆ ಮೊದಲು ಕೊಳ್ಳುವ ಹಕ್ಕು ಉಂಟು. ಬೆಲೆ ವಿಪರೀತ ಅನ್ನಿಸಿದರೆ ಪ್ರಶ್ನೆ ಮಾಡಬಹುದು, ತಾನೇ ಕೊಂಡು ಅಕ್ಕಪಕ್ಕದ ರೈತರಿಗೋ ಹೊಸದಾಗಿ ಬೇಸಾಯಕ್ಕೆ ಇಳಿಯುವ ಯುವಕರಿಗೋ ಕೊಡಬಹುದು. ಮಾರುವ ರೈತನಿಗೆ ಇದರಿಂದ ಕಿರಿಕಿರಿಯೂ ಉಂಟು, ಇಷ್ಟ ಬಂದವರಿಗೆ ಇಷ್ಟ ಬಂದ ಬೆಲೆಗೆ ಕೊಡಲು ಆಗುವುದಿಲ್ಲ. ನಮ್ಮಲ್ಲಿ ಅಂಥ ಕಾನೂನು ನಾಳೆಯೇ ಬರಲಿ ಅಂತ ನಾನು ಕೇಳುತ್ತಿಲ್ಲ; ಇನ್ನೊಂದು ಕಚೇರಿ, ಇನ್ನೊಂದು ಕೌಂಟರ್ ಆಗುವ ಭಯವೂ ಇದೆ. ಆದರೆ ಅದರ ಒಂದು ತುಂಡನ್ನು ನಾವೇ ಮಾಡಬಹುದು. ಬ್ರೋಕರ್‌ಗೆ ರೇಟು ಹೇಳುವ ಮೊದಲು ಪಕ್ಕದ ತೋಟದವನಿಗೆ ಹೇಳಿ. ಅವನಿಗೆ ನಿಮ್ಮ 30 ಸೆಂಟ್ಸ್ ಸೇರಿದರೆ ತೋಟಕ್ಕೆ ದಾರಿ ಆಗಬಹುದು, ಬ್ರೋಕರ್‌ಗಿಂತ ಹೆಚ್ಚೇ ಕೊಡಬಹುದು. ನಾಲ್ಕೈದು ಜನ ಒಟ್ಟಿಗೆ ಹೋಗಿ ಒಂದೇ ರೇಟು ಹೇಳಿದರೆ ಚೌಕಾಶಿಯ ಗತ್ತೇ ಬದಲಾಗುತ್ತದೆ. ಬ್ರೋಕರ್ ಒಬ್ಬೊಬ್ಬರನ್ನೇ ಬೇರೆ ಬೇರೆ ಕಾಣುವುದು ಸುಮ್ಮನೆ ಅಲ್ಲ.

ಇನ್ನು ಆ 'ಆಯ್ದವರಿಗೆ ಮಾತ್ರ' ಎಂಬ ಮಾತು. ಅದರ ಅರ್ಥ ಗೇಟು. ಮುಂದಿನ ಬೆಟ್ಟು ಮಾರಿ ಹಿಂದಿನ ತೋಟ ಉಳಿಸಿಕೊಂಡವರು ಒಂದು ದಿನ ಗೊಬ್ಬರದ ಪಿಕಪ್ ತೆಗೆದುಕೊಂಡು ಬಂದರೆ ವಾಚ್‌ಮನ್ ನಿಲ್ಲಿಸುತ್ತಾನೆ, ಹೆಸರು ಬರೆಯಿರಿ ಅನ್ನುತ್ತಾನೆ. ಹಟ್ಟಿ ವಾಸನೆ, ಬೆಳಿಗ್ಗೆ ಪಂಪ್‌ಸೆಟ್ ಸದ್ದು, ಬೋರ್ಡೋ ಹೊಡೆಯುವಾಗ ಕಾರಿನ ಮೇಲೆ ನೀಲಿ ಚುಕ್ಕೆ ಅಂತ ಪಂಚಾಯಿತಿಗೆ ದೂರು ಹೋಗುತ್ತದೆ. ಹಾಗಾಗಿ ಮಾರುವ ದಿನವೇ ಕ್ರಯಪತ್ರದ ಷೆಡ್ಯೂಲಿನಲ್ಲಿ ಬರೆಸಿ: ಹಿಂದಿನ ಸರ್ವೆ ನಂಬರಿಗೆ ಪಿಕಪ್ ಹೋಗುವಷ್ಟು ಅಗಲದ ದಾರಿ, ಎಷ್ಟು ಅಡಿ ಅಂತ ಅಂಕಿಯಲ್ಲೂ ಅಕ್ಷರದಲ್ಲೂ, ವಿದ್ಯುತ್ ಲೈನು, ನೀರಿನ ಪೈಪು ಹಾದುಹೋಗುವ ಹಕ್ಕು, ತೋಡಿನ ನೀರು ಮೊದಲಿನ ಹಾಗೇ ಹರಿಯಬೇಕು, ಮುಚ್ಚುವ ಹಾಗಿಲ್ಲ ಅಂತ. ಜತೆಗೆ ಒಂದು ನಕ್ಷೆ ಲಗತ್ತಿಸಿ, ದಾರಿಗೆ ಬಣ್ಣ ಹಾಕಿ. ಬಾಯಿ ಮಾತಿನಲ್ಲಿ 'ನೀವು ನಮ್ಮವರೇ, ಯಾವಾಗ ಬೇಕಾದರೂ ಹೋಗಿ' ಅಂದವರು ಐದು ವರ್ಷದಲ್ಲಿ ವಿಲ್ಲಾ ಮಾರಿ ಹೋಗಿರುತ್ತಾರೆ, ಹೊಸಬರಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ.